ಬೆಳ್ಳುಳ್ಳಿ ತಿನ್ನದವರ ಉಸಿರು

“ಇನ್ನೊಂದ್ಸಲ ಊದು.”

ಆಸ್ಪತ್ರೆಯ ಹಾಸಿಗೆಯ ಮೇಲಿದ್ದ ಹುಡುಗಿ ಬಾಯಿ ತೆರೆದು ಊದಿದಳು. ಮೂಗಿ ಕಣ್ಣು ಮುಚ್ಚಿಕೊಂಡು ಆ ಉಸಿರನ್ನು ಒಳಗೆಳೆದುಕೊಂಡಳು. ಬೆಳ್ಳುಳ್ಳಿ. ಹಲ್ಲುಜ್ಜಿದರೂ ಹೋಗದ, ಎದೆಯ ಆಳದಿಂದ ಬರುವ ಬೆಳ್ಳುಳ್ಳಿ.

“ನೀವು ಡಾಕ್ಟರಾ?” ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ತಾಯಿ ಕೇಳಿದಳು.

“ಅಲ್ಲ. ಆಹಾರ ಇಲಾಖೆ. ಇನ್‌ಸ್ಪೆಕ್ಟರು.”

“ಮತ್ತೆ ನನ್ನ ಮಗಳ ಬಾಯಿ ಯಾಕೆ ಮೂಸ್ತಿದೀರಿ?”

“ಅದೇ ನನ್ನ ಕೆಲಸ. ಹಾಲು ಮೂಸ್ತೀನಿ, ಎಣ್ಣೆ ಮೂಸ್ತೀನಿ. ನಿಮ್ಮ ಮಗಳು ಅವಕ್ಕಿಂತ ಎಷ್ಟೋ ವಾಸಿ.”

ಹುಡುಗಿ ನಕ್ಕಳು. ನಗುವಾಗ ತಲೆಗೆ ಕಟ್ಟಿದ್ದ ಬಟ್ಟೆ ಜಾರಿತು. ತಟ್ಟನೆ ಎರಡೂ ಕೈಯಿಂದ ಹಿಡಿದುಕೊಂಡು ಗೋಡೆಯ ಕಡೆ ತಿರುಗಿದಳು. ಮೂಗಿ ನೋಡದವಳಂತೆ ಕಿಟಕಿಯತ್ತ ನೋಡಿದಳು. ನೋಡಬೇಕಾದ್ದನ್ನು ಆಗಲೇ ನೋಡಿಯಾಗಿತ್ತು. ಕಿವಿಯ ಮೇಲೆ ಒಂದು ಎಳೆ ಕೂದಲೂ ಉಳಿದಿರಲಿಲ್ಲ.

ಇಲಾಖೆಯವರು ಅವಳ ಮೂಗಿನ ಕಸುಬು ಕಂಡು ‘ಮೂಗಿ’ ಎಂದು ಹೆಸರಿಟ್ಟಿದ್ದರು. ಆ ಹೆಸರು ಕೇಳಿದ ಹೊಸಬರು ಇವಳಿಗೆ ಮಾತು ಬರುವುದಿಲ್ಲವೆಂದುಕೊಂಡು ಕೈಸನ್ನೆ ಮಾಡುತ್ತಿದ್ದರು. ಅವಳು ಬಾಯಿ ಬಿಟ್ಟ ಮೇಲೆ, ಹಾಗಿದ್ದಿದ್ದರೇ ಚೆನ್ನಾಗಿತ್ತು ಎಂದುಕೊಳ್ಳುತ್ತಿದ್ದರು.

ಈಜುಶಾಲೆಯ ಹಾಸ್ಟೆಲಿನ ಹುಡುಗಿಯರ ಕೂದಲು, ಉಗುರು ಒಂದೇ ಸಮನೆ ಉದುರತೊಡಗಿದ್ದವು. ವಿಷ ಹಾಕಿದ್ದಾನೆಂದು ಅಡುಗೆಯವನನ್ನು ಠಾಣೆಯಲ್ಲಿ ಕೂರಿಸಿದ್ದರು. ನಾಳೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುವವರಿದ್ದರು. ಸಾರಿಗೆ ಉಪ್ಪು ಹಾಕುವುದನ್ನು ಮರೆಯುತ್ತಾನೆಂದು ಹುಡುಗಿಯರು ಅವನನ್ನು ಉಪ್ಪಣ್ಣ ಎಂದು ಕರೆಯುತ್ತಿದ್ದರು. ಮೂಗಿ ಬೆಳಿಗ್ಗೆ ಠಾಣೆಗೆ ಹೋಗಿದ್ದಾಗ ಅವನು ಕಂಬಿಯ ಹಿಂದಿನಿಂದ ಹೇಳಿದ್ದು ಒಂದೇ ಮಾತು: “ಉಪ್ಪು ಹಾಕೋದನ್ನೇ ಮರೆಯೋನು, ವಿಷ ಹಾಕೋದನ್ನ ಜ್ಞಾಪಕ ಇಟ್ಕೊಳ್ತೀನಾ ಅಕ್ಕಾ?”

ಅವನ ತುಟಿ ಒಡೆದಿತ್ತು. ಜಾರಿ ಬಿದ್ದ ಎಂದು ಠಾಣೆಯವರು ಹೇಳಿದರು. ಠಾಣೆಗಳ ನೆಲ ಯಾವಾಗಲೂ ಬಡವರಿಗೇ ಜಾರುತ್ತದೆ.

ಅವನ ಮೇಲಿದ್ದ ಸಾಕ್ಷ್ಯ ಎರಡು. ಅಡುಗೆಮನೆಯ ಅಟ್ಟದ ಮೇಲೆ ಸಿಕ್ಕ ಇಲಿಪಾಷಾಣದ ಡಬ್ಬಿ ಒಂದು. ಅದು ಯಾರ ಮನೆಯ ಅಟ್ಟದ ಮೇಲಿಲ್ಲ? ಇನ್ನೊಂದು, ಹುಡುಗಿಯರ ಬಾಯಿಂದ ಬರುತ್ತಿದ್ದ ಈ ಬೆಳ್ಳುಳ್ಳಿಯ ವಾಸನೆ. ಪಾಷಾಣ ಹೊಟ್ಟೆಗೆ ಹೋದವರ ಉಸಿರು ಬೆಳ್ಳುಳ್ಳಿ ನಾರುತ್ತದೆ ಎಂದು ಠಾಣೆಯಲ್ಲಿ ಯಾರೋ ಓದಿಕೊಂಡಿದ್ದರು. ಅಷ್ಟು ಓದಿ ಪುಸ್ತಕ ಮುಚ್ಚಿದ್ದರು.

ಉಪ್ಪಣ್ಣನ ಅಡುಗೆಮನೆಗಂತೂ ಬೆಳ್ಳುಳ್ಳಿ ಕಾಲಿಡುವಂತಿರಲಿಲ್ಲ. ವಾರ್ಡನಮ್ಮನಿಗೆ ಅದರ ವಾಸನೆಗೇ ತಲೆನೋವು ಬರುತ್ತಿತ್ತು. ಹುಡುಗಿಯರ ಬಾಯಿ ನಾರತೊಡಗಿದಾಗ ಆಕೆ ಮೊದಲು ಮಾಡಿದ್ದು, ಕದ್ದು ಬೆಳ್ಳುಳ್ಳಿ ಹಾಕುತ್ತೀಯಾ ಎಂದು ಅಡುಗೆಯವನ ಮೇಲೆ ಹರಿಹಾಯ್ದದ್ದು.

ವಾರ್ಡಿನ ಡಾಕ್ಟರ್ ಬಂದರು. ಚಿಕ್ಕ ವಯಸ್ಸು, ನಿದ್ದೆಗೆಟ್ಟ ಕಣ್ಣು. ಮೂಗಿಯನ್ನು ಕಂಡು ನೇರ ವಿಷಯಕ್ಕೆ ಬಂದರು.

“ರಕ್ತದಲ್ಲಿ ಪಾಷಾಣ ಇಲ್ಲ. ಮೂತ್ರದಲ್ಲೂ ಇಲ್ಲ. ಠಾಣೆಗೆ ಹೇಳಿದೆ.”

“ಏನಂದ್ರು?”

“ಇನ್ನೊಂದ್ಸಲ ಪರೀಕ್ಷೆ ಮಾಡಿ ಅಂದ್ರು. ಸಿಗೋವರೆಗೂ ಮಾಡ್ಬೇಕಂತೆ.”

“ಮತ್ತೆ ಬೆಳ್ಳುಳ್ಳಿ?”

ಡಾಕ್ಟರ್ ಹುಡುಗಿಯ ಕೈಯನ್ನು ಮೆಲ್ಲಗೆ ಎತ್ತಿ ಬೆಳಕಿಗೆ ಹಿಡಿದರು. ಉಗುರುಗಳ ಮೇಲೆ ಅಡ್ಡಡ್ಡ ಬಿಳಿ ಗೆರೆ. ಹೆಬ್ಬೆರಳಿನ ಉಗುರು ಬುಡದಲ್ಲಿ ಎದ್ದು, ಹಳೆಯ ಚೀಟಿ ಅಂಟು ಬಿಟ್ಟ ಹಾಗೆ ನಿಂತಿತ್ತು.

“ಸೆಲೆನಿಯಂ ಅಂತ ನನ್ನ ಅನುಮಾನ. ರಕ್ತ ಕಳಿಸಿದೀನಿ. ಇದನ್ನ ಅಳೆಯೋ ಯಂತ್ರ ಇರೋ ಊರಿಂದ ವರದಿ ಬರೋಕೆ ಸಮಯ ಬೇಕು.”

“ವಿಷಾನಾ ಅದು?”

“ಅಲ್ಲ, ಅದೇ ತೊಂದರೆ. ಮೈಗೆ ಅದು ಬೇಕು, ಕಣ್ಣಿಗೆ ಕಾಣದಷ್ಟು ಸಾಕು. ತೀರಾ ಇಲ್ಲದಿದ್ರೆ ಹೃದಯದ ಸ್ನಾಯು ಸೋಲುತ್ತೆ, ಥೈರಾಯ್ಡ್ ಕೆಡುತ್ತೆ. ಜಾಸ್ತಿಯಾದ್ರೆ ಹೀಗೆ. ಕೂದಲು, ಉಗುರು, ವಾಂತಿ, ಆಮೇಲೆ ನರ. ಉಸಿರಲ್ಲಿ ಬೆಳ್ಳುಳ್ಳಿ. ಆದ್ರೆ ಇಷ್ಟೊಂದು ಅನ್ನ ಸಾರಲ್ಲಿ ಬರಲ್ಲ. ಯಾರೋ ಬೇರೆಯಾಗಿ ಕೊಡ್ತಿದಾರೆ. ಮಾತ್ರೆ, ಪುಡಿ, ಹನಿ, ಏನೋ ಒಂದು.”

“ಮದ್ದು?”

“ಇದಕ್ಕೆ ಅಂತ ಮದ್ದಿಲ್ಲ. ಕೊಡೋದನ್ನ ನಿಲ್ಲಿಸೋದೇ ಮದ್ದು.”

ಹನಿ ಎಂಬ ಮಾತಿಗೆ ತಾಯಿಯ ಕೈ ದಿಂಬಿನ ಕಡೆ ಹೋಯಿತು. ಹೋಗಿ ಅಲ್ಲೇ ನಿಂತಿತು. ಮೂಗಿ ಏನೂ ಕೇಳದೆ ಕೈ ಚಾಚಿದಳು.

ದಿಂಬಿನ ಕೆಳಗಿಂದ ಹೊರಬಂದದ್ದು ಕಂದು ಬಣ್ಣದ ಸಣ್ಣ ಬಾಟಲಿ. ಚೀಟಿಯ ಮೇಲೆ ದಟ್ಟ ಜಡೆಯ ಹೆಂಗಸೊಬ್ಬಳ ಚಿತ್ರ. ‘ಬಲದ ಹನಿ. ಕೂದಲಿಗೆ, ಉಗುರಿಗೆ, ಹೃದಯಕ್ಕೆ.’

“ಇದು ಔಷಧಿ ಅಲ್ಲ,” ಎಂದಳು ತಾಯಿ. “ಶಕ್ತಿಗೆ. ಹಾಸ್ಟೆಲಲ್ಲಿ ಎಲ್ಲರಿಗೂ ಕೊಡ್ತಾರೆ. ಕೂದಲು ಉದುರೋಕೆ ಶುರುವಾದ್ಮೇಲೆ ಕೋಚು ಜಾಸ್ತಿ ಮಾಡಿ ಅಂದ್ರು. ಚೀಟೀಲೇ ಬರೆದಿದೆಯಲ್ಲ, ಕೂದಲಿಗೆ ಒಳ್ಳೇದು ಅಂತ. ಇಲ್ಲಿಗೆ ಬಂದ್ಮೇಲೆ ನಾನೇ ಬೆಳಿಗ್ಗೆ ಒಂದು ಚಮಚ, ಸಂಜೆ ಒಂದು…”

ಮಾತು ಅಲ್ಲಿಗೇ ಕಡಿಯಿತು. ಆ ಹೆಂಗಸು ಬಾಟಲಿಯನ್ನು ನೋಡಿ, ಮಗಳ ಉಗುರನ್ನು ನೋಡಿದಳು.

ಸಮಾಧಾನ ಹೇಳುವುದು ಮೂಗಿಗೆ ಬರುತ್ತಿರಲಿಲ್ಲ. “ನೀವು ಹಾಕಿಲ್ಲ,” ಎಂದಳು. “ಬಾಟ್ಲಿಗೆ ಹಾಕಿದೋನು ಬೇರೆ. ಅವನನ್ನ ನಾನು ನೋಡ್ಕೋತೀನಿ.”

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅವಳಿಗೆ ಹಾಸ್ಟೆಲಿನ ಉಗ್ರಾಣ ನೆನಪಾಯಿತು. ನಿನ್ನೆ ಅಲ್ಲಿ ಒಂದು ಕಪಾಟು ಪೂರ್ತಿ ಖಾಲಿಯಿತ್ತು. ಧೂಳಿನಲ್ಲಿ ಮಾತ್ರ ದುಂಡು ದುಂಡು ಗುರುತುಗಳು. ಏನಿತ್ತು ಇಲ್ಲಿ ಎಂದರೆ ವಾರ್ಡನಮ್ಮ ಸೋಪು ಎಂದಿದ್ದರು. ದುಂಡಗಿನ ಸೋಪು. ಈಗ ಬಾಟಲಿಯ ತಳವನ್ನು ಅಂಗೈಗೆ ಒತ್ತಿ ನೋಡಿಕೊಂಡಳು. ಅದೇ ಗಾತ್ರ. ಉಳಿದ ಬಾಟಲಿಗಳನ್ನು ಯಾರೋ ಹೊತ್ತುಕೊಂಡು ಹೋಗಿದ್ದರು. ಇದೊಂದು ರೋಗಿಯ ದಿಂಬಿನಡಿ ಇದ್ದದ್ದಕ್ಕೆ ಉಳಿದಿತ್ತು.

ಅವಳು ಮೇಲಧಿಕಾರಿಗೆ ಫೋನ್ ಮಾಡಿದಳು. ಇಲಾಖೆಯಲ್ಲಿ ಅವರಿಗೆ ಬಾಚಣಿಗೆ ಸಾಹೇಬರೆಂದು ಹೆಸರು. ಅಂಗಿಯ ಜೇಬಿನಲ್ಲಿ ಪೆನ್ನಿಲ್ಲದಿದ್ದರೂ ಬಾಚಣಿಗೆ ಇರುತ್ತಿತ್ತು. ಕನ್ನಡಿ ಸಿಗದಿದ್ದರೆ ಕಿಟಕಿಯ ಗಾಜಾದರೂ ಆಗುತ್ತಿತ್ತು. ಕಾರ್ಖಾನೆಗೆ ಬೀಗ ಹಾಕಬೇಕೆಂದರೆ ಅವರ ಸಹಿಯೇ ಬೇಕು. ಅವರು ಫೋನ್ ಎತ್ತಲಿಲ್ಲ.

*

ಬಲದ ಹನಿಯ ಕಾರ್ಖಾನೆಯೆಂದರೆ ಹಿಂದೆ ಮುದ್ರಣಾಲಯವಾಗಿದ್ದ ಒಂದು ಉದ್ದನೆಯ ಶೆಡ್ಡು. ಮುಂದೆ ಗಾಜಿನ ಆಫೀಸು, ಹಿಂದೆ ಕಲಸುವ ಕೋಣೆ. ಮೂಗಿ ಹಿಂದಿನಿಂದ ಹೋದಳು. ಮುಂಬಾಗಿಲಲ್ಲಿ ಕುರ್ಚಿ ಕೊಡುತ್ತಾರೆ, ಹಿಂಬಾಗಿಲಲ್ಲಿ ವಿಷಯ ಸಿಗುತ್ತದೆ.

ಕಲಸುವ ಹೆಂಗಸು ದೊಡ್ಡ ಉಕ್ಕಿನ ಪಾತ್ರೆಯೊಳಗೆ ಅರ್ಧ ಮೈ ತೂರಿಸಿ ತೊಳೆಯುತ್ತಿದ್ದಳು. ಎದ್ದು ನಿಂತಾಗ ಎರಡೂ ಕೈಯ ಬೆರಳುಗಳಿಗೆ ಪಟ್ಟಿ ಕಾಣಿಸಿತು.

“ಏನಾಯ್ತು ಬೆರಳಿಗೆ?”

“ಸೋಪು ಕಣ್ರೀ. ಉಗುರು ಎದ್ದು ಬರುತ್ತೆ.”

ಮಾತಿನ ಜೊತೆ ಬೆಳ್ಳುಳ್ಳಿಯೂ ಬಂತು. ಮೂಗಿ ಮುಖದಲ್ಲಿ ತೋರಗೊಡದೆ ಗೋಡೆಯ ಕಡೆ ತಿರುಗಿದಳು. ಅಲ್ಲಿ ಸಾಲಾಗಿ ಡಬ್ಬಿಗಳು. ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ದಪ್ಪ ಅಕ್ಷರ: ಅತ್ತೆ. ಮಾವ. ನಾದಿನಿ. ಕೂಸು.

“ಇದೇನು, ಕಾರ್ಖಾನೇನಾ, ಸಂಸಾರಾನಾ?”

ಹೆಂಗಸು ನಕ್ಕಳು. “ಆ ಉದ್ದುದ್ದ ಹೆಸರು ಯಾರ ಬಾಯಿಗೆ ಬರುತ್ತೆ? ಕಬ್ಬಿಣ ಅತ್ತೆ, ಮುಟ್ಟಿದ್ದಕ್ಕೆಲ್ಲ ಕಲೆ ಮಾಡ್ತಾಳೆ. ಸತು ಮಾವ, ಇದ್ದೂ ಇಲ್ಲದ ಹಾಗೆ ಮೂಲೇಲಿ ಇರ್ತಾನೆ. ಇದು ಮೆಗ್ನೀಸಿಯಂ, ನಾದಿನಿ. ಒಂಚೂರು ಗಾಳಿ ತಾಗಿದ್ರೆ ಸಾಕು, ಗಂಟುಮುಖ.”

“ಕೂಸು ಯಾರು?”

“ಎಲ್ಲಕ್ಕಿಂತ ಕಮ್ಮಿ ಹಾಕೋದು. ಅದಕ್ಕೇ ಕೂಸು. ಸೆಲ್ಲೋ ಏನೋ ಅಂತಾರೆ.”

ಮೂಗಿ ಡಬ್ಬಿಯನ್ನು ಕೈಗೆ ತೆಗೆದುಕೊಂಡಳು. ಅತ್ತೆ ಮಾವಂದಿರದು ಹಳೆಯ, ತುಕ್ಕು ಹಿಡಿದ ಡಬ್ಬಿಗಳು. ಇದು ಹೊಚ್ಚ ಹೊಸದು, ಅಂಗೈಯಗಲ. ಸೀಮೆಸುಣ್ಣವನ್ನು ಹೆಬ್ಬೆರಳಿನಿಂದ ಒರೆಸಿದಳು. ಅಡಿಯಲ್ಲಿ ತಲೆಬುರುಡೆಯ ಚಿತ್ರ, ಪಕ್ಕದಲ್ಲಿ ‘ಶುದ್ಧ’ ಎಂಬ ಅಚ್ಚು.

“ಯಾವಾಗ್ಲೂ ಇದರಲ್ಲೇ ಬರ್ತಿತ್ತಾ?”

“ಇಲ್ಲಪ್ಪ. ಮೊದ್ಲು ಚೀಲದಲ್ಲಿ ಬರ್ತಿತ್ತು. ಈಚೆಗೆ ಸಾಹುಕಾರ್ರು ಈ ಡಬ್ಬಿ ತಂದ್ರು. ಕೂಸು ಬಂತು ನೋಡಮ್ಮ ಅಂತ ಅವರೇ ಕೈಗೆ ಕೊಟ್ರು.”

“ಆ ಚೀಲ ಇದೆಯಾ?”

ಹೆಂಗಸು ಕಾಲಿನಿಂದ ತೋರಿಸಿದಳು. ಬಚ್ಚಲ ಬಾಗಿಲಲ್ಲಿ ಕಾಲೊರಸಾಗಿ ಬಿದ್ದಿತ್ತು. ಮೂಗಿ ಕೂತು, ಅದನ್ನು ತಿರುಗಿಸಿ, ಕೆಸರು ಉಜ್ಜಿ ಓದಿದಳು. ನೂರು ಪಾಲು ಪುಡಿಯಲ್ಲಿ ಒಂದೇ ಪಾಲು ಸೆಲೆನಿಯಂ. ಉಳಿದದ್ದೆಲ್ಲ ಹಿಟ್ಟು.

“ಚಮಚ ಬದಲಾಯ್ತಾ, ಡಬ್ಬಿ ಬಂದ್ಮೇಲೆ?”

“ಯಾಕೆ ಬದಲಾಗ್ಬೇಕು? ಪಾತ್ರೆಗೆ ಒಂದು ಚಮಚ ಕೂಸು. ಕೂಸು ಅಂದ್ರೆ ಕೂಸೇ ಅಲ್ವಾ?”

ಹಿಟ್ಟಿನಲ್ಲಿ ಬೆರೆತು ಬರುತ್ತಿದ್ದದ್ದಕ್ಕೆ ಒಂದು ಹೆಸರಿತ್ತು. ಅಪ್ಪಟ ಪುಡಿ ಬಂದು ಅದೇ ಹೆಸರಿನೊಳಗೆ ಕೂತಿತ್ತು, ಅದೇ ಚಮಚ ಹಿಡಿದಿತ್ತು. ಎಲ್ಲಕ್ಕಿಂತ ಚಿಕ್ಕದೆಂದು ಎಲ್ಲರೂ ಕರೆದದ್ದು ಒಂದೇ ಏಟಿಗೆ ನೂರು ಪಟ್ಟಾಗಿತ್ತು. ಇವಳು ಅದನ್ನು ಪ್ರೀತಿಯಿಂದಲೇ ಕಲಸಿದ್ದಳು.

“ಹನೀನ ನೀವೂ ಕುಡೀತೀರಾ?”

“ಸಿಹಿ ನೋಡೋದು ನಾನೇ. ಪ್ರತಿ ಪಾತ್ರೇಲೂ ಒಂದು ಗುಟುಕು.”

“ಇನ್ಮೇಲೆ ನೋಡ್ಬೇಡಿ. ನಿಮ್ಮ ಉಗುರು ತೆಗೆದದ್ದು ಸೋಪಲ್ಲ. ಇವತ್ತೇ ಆಸ್ಪತ್ರೆಗೆ ಹೋಗಿ. ಸಾಹುಕಾರ್ರಿಗೆ ಕೈ ತೋರಿಸಿದ್ರಾ?”

“ತೋರಿಸ್ದೆ. ಬಹಳ ಹೊತ್ತು ನೋಡಿದ್ರು. ಆ ಡಬ್ಬೀನೂ ತಿರುಗಿಸಿ ತಿರುಗಿಸಿ ಓದಿದ್ರು. ಆಮೇಲೆ ಗ್ಲೌಸ್ ತಂದುಕೊಟ್ರು. ಒಳ್ಳೇ ಮನುಷ್ಯ.”

*

ಒಳ್ಳೇ ಮನುಷ್ಯ ಗಾಜಿನ ಆಫೀಸಿನಲ್ಲಿ ಕೂತಿದ್ದ. ಊರಿನವರು ಅವನನ್ನು ಹನಿ ಸಾಹುಕಾರ ಎನ್ನುತ್ತಿದ್ದರು. ಐವತ್ತು ದಾಟಿದ್ದರೂ ತಲೆ ತುಂಬ ಕಪ್ಪು ಕೂದಲು. ಮೇಜಿನ ಮೇಲಿಟ್ಟ ಕೈಗಳ ಉಗುರುಗಳು ಗುಲಾಬಿ ಬಣ್ಣಕ್ಕಿದ್ದವು. ಗೋಡೆಯ ಮೇಲೆ ಒಬ್ಬ ಬಡಕಲು ಮನುಷ್ಯನ ಫೋಟೋ.

ಮೂಗಿ ಡಬ್ಬಿಯ ವಿಷಯ, ಚೀಲದ ವಿಷಯ ಹೇಳಿದಳು. ಅವನು ತಾಳ್ಮೆಯಿಂದ ಕೇಳಿಸಿಕೊಂಡು ಫೋಟೋದ ಕಡೆ ಕೈ ತೋರಿಸಿದ.

“ನಮ್ಮಪ್ಪ. ನಾನು ಹುಟ್ಟಿದ ಕಡೆ ಮಣ್ಣಲ್ಲೇ ಸೆಲೆನಿಯಂ ಇಲ್ಲ. ಬೆಳೆದದ್ದರಲ್ಲೂ ಇಲ್ಲ, ತಿಂದವರಲ್ಲೂ ಇಲ್ಲ. ಅಪ್ಪನ ಹೃದಯ ಊದಿಕೊಂಡು ಚೀಲದ ಹಾಗಾಗಿತ್ತು. ನೀರಿನ ಕೊಡ ಎತ್ತೋಕೆ ಬಗ್ಗಿದೋರು ಏಳಲೇ ಇಲ್ಲ. ಇದು ಇಲ್ಲದೆ ಸತ್ತೋರನ್ನ ನಾನು ನೋಡಿದೀನಿ ಅಮ್ಮಾ. ಅದಕ್ಕೇ ಈ ಹನಿ ಶುರು ಮಾಡಿದ್ದು.”

ಸುಳ್ಳಿರಲಾರದು ಎನಿಸಿತು ಅವಳಿಗೆ. ಅದರಿಂದಲೇ ಇನ್ನಷ್ಟು ಸಿಟ್ಟು ಬಂತು.

“ನೀರಿಲ್ಲದೆ ಸತ್ತೋರ ಮಗ ಅಂತ, ಊರವರ ಮಕ್ಕಳನ್ನ ಬಾವಿಗೆ ತಳ್ಳಬಹುದಾ? ಈ ಊರ ಮಣ್ಣಲ್ಲಿ ಏನು ಕಮ್ಮಿ ಇತ್ತು? ಯಾರ ರಕ್ತ ನೋಡಿ ಕೊಟ್ರಿ?”

“ಶಕ್ತಿ ಯಾರಿಗೆ ಬೇಡ?”

“ಆ ಹುಡುಗೀರು ಈಗ ಮೆಟ್ಟಿಲು ಹತ್ತೋಕೆ ಗೋಡೆ ಹಿಡ್ಕೋತಾರೆ. ಒಬ್ಬಳಿಗೆ ಕಾಲಿನ ಬೆರಳು ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ. ಶಕ್ತಿ ಅಂತೆ.”

“ಅದು ನನ್ನ ಹನಿಯಿಂದ ಅಂತ ಹೇಗೆ ಹೇಳ್ತೀರಿ?” ಅವನು ಮೇಜಿನ ಸೆಳೆಖಾನೆಯಿಂದ ಒಂದು ಬಾಟಲಿ ತೆಗೆದ. “ನೋಡಿ. ಈಜುಶಾಲೆಗೆ ಕಳಿಸಿದ ಬ್ಯಾಚೇ ಇದು. ಕಳಿಸಿದಾಗಿನಿಂದ ನಾನೂ ದಿನಾ ಕುಡೀತಿದೀನಿ. ತಪ್ಪಿಸಿಲ್ಲ.” ಚಮಚಕ್ಕೆ ಬಗ್ಗಿಸಿ, ಅವಳ ಕಣ್ಣಲ್ಲಿ ಕಣ್ಣಿಟ್ಟು ನುಂಗಿದ. “ವಿಷ ಆಗಿದ್ರೆ ಕುಡೀತಿದ್ನಾ? ಅಡುಗೆಯವನ ವಿಷಯ ಕೇಳಿದೆ. ನಂಗೂ ಬೇಜಾರಾಯ್ತು. ಏನ್ಮಾಡೋದು, ಕೆಲವರ ಬುದ್ಧಿ.”

ಮೂಗಿ ಎದ್ದು, ಮೇಜು ಬಳಸಿ ಅವನ ಪಕ್ಕಕ್ಕೇ ಹೋಗಿ ನಿಂತಳು.

“ಊದಿ.”

“ಏನು?”

“ಬಾಯಿ ತೆಗೆದು ಊದಿ. ಹುಡುಗೀರು ಊದಿದ್ರು. ನಿಮಗೇನು ನಾಚಿಕೆ?”

ಅವನು ನಗುತ್ತಾ ಊದಿದ. ಕಾಫಿ. ಲವಂಗ. ಕಟ್ಟಿಸಿದ ಹಲ್ಲೊಂದರ ಹಳಸು ವಾಸನೆ. ಈಗಷ್ಟೇ ಕುಡಿದ ಹನಿಯ ಸಿಹಿ. ಅಷ್ಟೇ.

“ಆ ಬ್ಯಾಚ್ ಕುಡಿದ ಹುಡುಗೀರೆಲ್ಲರ ಉಸಿರು ಬೆಳ್ಳುಳ್ಳಿ,” ಎಂದಳು ಮೂಗಿ. “ಹಿಂದುಗಡೆ ಒಂದು ಗುಟುಕು ಸಿಹಿ ನೋಡೋ ಹೆಂಗಸಿನ ಉಸಿರೂ ಅದೇ. ದಿನಾ ಕುಡಿಯೋ ನಿಮ್ಮ ಬಾಯಲ್ಲಿ ಲವಂಗ. ಕೂದಲು ಹಾಗೇ ಇದೆ, ಉಗುರೂ ಹಾಗೇ ಇದೆ. ಅಂದ್ರೆ ನೀವು ಕುಡಿಯೋದು ಹಳೇದು, ಹಿಟ್ಟು ಬೆರೆಸಿದ್ದು. ಹೊಸದನ್ನ ಬಿಟ್ಟು ಹಳೇದನ್ನ ಯಾಕೆ ಆರಿಸಿ ಇಟ್ಕೊಂಡ್ರಿ? ಹೊಸದರಲ್ಲಿ ಏನಿದೆ ಅಂತ ನಿಮಗೆ ಗೊತ್ತು. ಆ ಹೆಂಗಸಿನ ಕೈ ನೋಡಿದ ದಿನವೇ ಗೊತ್ತಾಗಿತ್ತು. ಗೊತ್ತಿದ್ದೂ ವಾಪಸ್ ತರಿಸ್ಲಿಲ್ಲ. ಅವರ ತಲೆ ಬೋಳಾಗೋದನ್ನ ನೋಡ್ತಾ ಕೂತ್ರಿ. ಅಡುಗೆಯವನ ತುಟಿ ಒಡೆಯೋದನ್ನೂ ನೋಡ್ತಾ ಕೂತ್ರಿ.”

ಸಾಹುಕಾರನ ನಗು ಮುಖದಲ್ಲೇ ಒಣಗಿತು. ಆದರೆ ದನಿ ಏರಲಿಲ್ಲ.

“ಮೂಗು ಕೋರ್ಟಿಗೆ ಬಂದು ಸಾಕ್ಷಿ ಹೇಳುತ್ತಾ?”

“ಬಾಟ್ಲಿ ಹೇಳುತ್ತೆ.”

“ಯಾವ ಬಾಟ್ಲಿ? ಹಾಸ್ಟೆಲಲ್ಲಿ ಒಂದೂ ಇಲ್ಲವಲ್ಲ.”

ಹಾಸ್ಟೆಲಿನ ಕಪಾಟು ಖಾಲಿಯೆಂದು ಅವಳು ಹೇಳಿರಲಿಲ್ಲ. ಅದು ಅವನಿಗೂ ಹೊಳೆಯಿತು. ಗುಲಾಬಿ ಉಗುರುಗಳು ಮೇಜಿನಿಂದ ಮರೆಯಾದವು.

ಮೂಗಿ ತನ್ನ ಹೆಗಲ ಚೀಲದಿಂದ ಕಂದು ಬಾಟಲಿ ತೆಗೆದು, ಅವನಿಗೆ ಕಾಣುವಂತೆ ಒಮ್ಮೆ ಎತ್ತಿ ಹಿಡಿದು, ಮತ್ತೆ ಒಳಗಿಟ್ಟಳು.

ಅವನು ಬಹಳ ಹೊತ್ತು ಆ ಚೀಲವನ್ನೇ ನೋಡಿದ. ನಂತರ ವಿಚಿತ್ರವಾಗಿ ಹಗುರಾದ. “ತಗೊಂಡು ಹೋಗಿ,” ಎಂದ. “ನಿಮ್ಮ ಸಾಹೇಬ್ರಿಗೇ ಕೊಡಿ. ನಾನು ಕೇಳ್ದೆ ಅಂತ ಹೇಳಿ.”

*

ಇಲಾಖೆಯ ಕಚೇರಿಯಲ್ಲಿ ಫ್ಯಾನು ತಿರುಗುತ್ತಿತ್ತು, ಬೇರೆ ಯಾವ ಕೆಲಸವೂ ನಡೆಯುತ್ತಿರಲಿಲ್ಲ. ಬಾಚಣಿಗೆ ಸಾಹೇಬರು ಒಳಕೋಣೆಯಲ್ಲಿದ್ದರು. ಆ ಸೆಖೆಯಲ್ಲೂ ತಲೆಗೆ ಕಿವಿ ಮುಚ್ಚುವ ಉಣ್ಣೆಯ ಟೋಪಿ.

“ಶೀತ,” ಎಂದರು, ಕೇಳುವ ಮೊದಲೇ. “ಬಾ, ಕೂತ್ಕೋ. ಏನು ಮೂಸಿಕೊಂಡು ಬಂದೆ?”

ಅವಳು ಹೇಳಿದಳು. ಹುಡುಗಿ, ಚಮಚ ಹಾಕಿದ ತಾಯಿ, ಅತ್ತೆ ಮಾವ ಕೂಸು, ಲವಂಗದ ಉಸಿರು. ಸಾಹೇಬರು ಒಮ್ಮೆಯೂ ಅಡ್ಡ ಬಾಯಿ ಹಾಕಲಿಲ್ಲ. ಅವಳು ಮುಗಿಸಿದಾಗ ಮೇಜಿಗೆ ಗುದ್ದಿದರು.

“ಎಂಥ ನೀಚ. ಮಕ್ಕಳು ಅನ್ನೋದೂ ಬೇಡವಾ? ಬಲದ ಹನಿ ಅಂತೆ. ಅಂಥದ್ದೊಂದು ಇದೆ ಅಂತಾನೇ ನಾನು ಕೇಳಿಲ್ಲ.”

“ಇವತ್ತೇ ಬೀಗ ಹಾಕ್ಬೇಕು ಸರ್. ಅಂಗಡಿಗಳಿಂದ ಎಲ್ಲಾ ಬಾಟ್ಲಿ ವಾಪಸ್ ಬರ್ಬೇಕು. ಉಪ್ಪಣ್ಣನ್ನ ನಾಳೆ ಕೋರ್ಟಿಗೆ ಕರ್ಕೊಂಡು ಹೋಗೋ ಮುಂಚೆ ಠಾಣೆಗೆ ನಿಮ್ಮ ಪತ್ರ ಹೋಗ್ಬೇಕು.”

“ಹೋಗುತ್ತೆ. ಬಾಟ್ಲಿ ಕೊಡು. ನಾನೇ ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳಿಸ್ತೀನಿ. ನಿನ್ನ ಕೈಯಲ್ಲಿದ್ರೆ ದಾರೀಲಿ ಯಾರಾದ್ರೂ ಕಿತ್ಕೊಂಡ್ರೆ?”

ಸಾಹುಕಾರನ ಮಾತು ನೆನಪಾಯಿತು; ಆದರೆ ಬೀಗಕ್ಕೆ ಸಹಿ ಇವರದೇ ಬೇಕು, ಇವರು ಹೇಳಿದ್ದೂ ಸರಿಯಾಗಿಯೇ ಇತ್ತು. ಅವಳು ಬಾಟಲಿ ಕೊಟ್ಟಳು. ಸಾಹೇಬರು ಅದನ್ನು ಸೆಳೆಖಾನೆಯೊಳಗಿಟ್ಟು, ಬೀಗ ತಿರುಗಿಸಿ, ಕೀಲಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಯಾವಾಗಲೂ ಬಾಚಣಿಗೆ ಇರುತ್ತಿದ್ದ ಜೇಬು. ಅದರಲ್ಲಿ ಬಾಚಣಿಗೆ ಇರಲಿಲ್ಲ.

ಅವರು ಮೇಜಿನ ಮೇಲೆ ಮುಂದಕ್ಕೆ ಬಾಗಿ, ಅಪ್ಪ ಮಗಳಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದರು: “ಬಹಳ ಒಳ್ಳೇ ಕೆಲಸ ಮಾಡಿದೆ. ಈಗ ಮನೆಗೆ ಹೋಗಿ ಮಲ್ಕೋ.”

ಬೆಳ್ಳುಳ್ಳಿ.

ಹಲ್ಲುಜ್ಜಿದರೂ ಹೋಗದ, ಎದೆಯ ಆಳದಿಂದ ಬರುವ ಬೆಳ್ಳುಳ್ಳಿ.

ಮೂಗಿ ಕಣ್ಣು ತಗ್ಗಿಸಿದಳು. ಮೇಜಿನ ಮೇಲಿದ್ದ ಹತ್ತೂ ಬೆರಳುಗಳಲ್ಲಿ ಅಡ್ಡಡ್ಡ ಬಿಳಿ ಗೆರೆ.

ಸಾಹುಕಾರ ತನಗೆ ಬೇರೆ ಬಾಟಲಿ ಇಟ್ಟುಕೊಂಡಿದ್ದ. ಇವರಿಗೆ ಇಟ್ಟಿರಲಿಲ್ಲ. ಕೂದಲಿನ ಮೇಲೆ ಪ್ರಾಣವಿಟ್ಟಿದ್ದ ಈ ಮನುಷ್ಯನಿಗೆ ಕಾಣಿಕೆಯಾಗಿ ಬಂದ ಹನಿ ಯಾವ ಬ್ಯಾಚಿನದೆಂದು ಸಾಹುಕಾರನಿಗೆ ಗೊತ್ತಿತ್ತು. ಇವರಿಗೆ ಗೊತ್ತಿರಲಿಲ್ಲ. ಈಗ, ಅವಳೇ ಎಲ್ಲ ಬಿಡಿಸಿ ಹೇಳಿದ ಮೇಲೂ, ತಮ್ಮ ಬಾಟಲಿ ಬೇರೆ ಎಂದು ನಂಬಿಕೊಂಡು ಕೂತಿದ್ದರು. ಟೋಪಿಯ ಕೆಳಗೆ ತಲೆ ಬೋಳಾಗುತ್ತಿದ್ದರೂ.

ಸುಮ್ಮನೆ ಎದ್ದು ಹೋದರೆ ಇವತ್ತೂ ಒಂದು ಚಮಚ ಕುಡಿಯುತ್ತಾರೆ. ಬಾಯಿ ಬಿಟ್ಟರೆ, ಇವಳಿಗೆ ಎಲ್ಲ ಗೊತ್ತಾಗಿದೆಯೆಂದು ಅವರಿಗೆ ಗೊತ್ತಾಗುತ್ತದೆ. ಹಾಸ್ಟೆಲಿನ ಬಾಟಲಿಗಳಲ್ಲಿ ಉಳಿದಿದ್ದ ಒಂದೇ ಒಂದು ಆ ಬೀಗದೊಳಗಿದೆ; ಕಾರ್ಖಾನೆಯ ಡಬ್ಬಿ ಇಷ್ಟು ಹೊತ್ತಿಗೆ ಮಾಯವಾಗಿರುತ್ತದೆ. ಬಾಟಲಿ ಹೋದರೆ ಉಪ್ಪಣ್ಣನೂ ಹೋದ.

“ಏನು ಕೂತೇ ಇದೀಯ?” ಸಾಹೇಬರ ಕೈ ಅಭ್ಯಾಸಬಲದಿಂದ ಜೇಬಿಗೆ ಹೋಗಿ, ಕೀಲಿಯನ್ನು ಮುಟ್ಟಿ, ಬರಿದೇ ಹೊರಗೆ ಬಂತು. “ಇನ್ನೇನಾದ್ರೂ ಹೇಳೋದಿತ್ತಾ?”

ಗೋಡೆಯ ಕಡೆ ತಿರುಗಿಕೊಂಡ ಆ ಹುಡುಗಿಯ ಬೆನ್ನು ಅವಳ ಕಣ್ಣ ಮುಂದೆ ಬಂತು.

“ಸರ್,” ಎಂದಳು. “ಒಂದ್ಸಲ ಊದಿ.”

ಬಾಚಣಿಗೆ ಸಾಹೇಬರು ಅವಳನ್ನೇ ನೋಡಿದರು. ನಂತರ ಎದ್ದು, ಅವಳ ಪಕ್ಕದಿಂದಲೇ ನಡೆದು ಹೋಗಿ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದರು.